ಕೊನೆಯ ಹಾಡಿನ ಶ್ರುತಿ

ಮೂರನೆಯ ಹಾಡು ಒಂದು ಕೂದಲೆಳೆಯಷ್ಟು ಮೇಲಿನ ಶ್ರುತಿಯಲ್ಲಿ ಶುರುವಾಯಿತು. ಸಭಾಂಗಣ ತುಂಬ ಕೂತಿದ್ದ ಅಪ್ಪ ಅಮ್ಮಂದಿರಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಅವರೆಲ್ಲ ತಂತಮ್ಮ ಮಗುವಿನ ತುಟಿ ಅಲ್ಲಾಡುತ್ತಿದೆಯೇ ಎಂದು ನೋಡುವುದರಲ್ಲಿದ್ದರು. ಗೊತ್ತಾದದ್ದು ಇಬ್ಬರಿಗೆ. ಸಭೆಗೆ ಬೆನ್ನು ಹಾಕಿ ಕೈ ಆಡಿಸುತ್ತಿದ್ದ ಸಂಗೀತದ ಮಿಸ್‌ಗೆ, ಮತ್ತು ವೇದಿಕೆಯ ಮೂಲೆಯಲ್ಲಿ ಮೈಕಿನ ಮುಂದೆ ನಿಂತು ಹಾಡುಗಳನ್ನು ಪರಿಚಯಿಸುತ್ತಿದ್ದ ಅವಳ ಅಕ್ಕನ ಮಗಳಿಗೆ. ತಪ್ಪು ಆ ಹುಡುಗಿಯದು.

ವಿಷಯ ಹೀಗಿತ್ತು. ಆಮಂತ್ರಣ ಪತ್ರದಲ್ಲಿ ಹೆಡ್‌ಮಾಸ್ಟರ್ ತಾವೇ ಒಂದು ಸಾಲು ಸೇರಿಸಿದ್ದರು: ‘ಯಾವುದೇ ವಾದ್ಯದ ನೆರವಿಲ್ಲದೆ’. ಶ್ರುತಿ ಹಿಡಿಯಲು ಒಂದು ಪುಟ್ಟ ಪೆಟ್ಟಿಗೆಯಾದರೂ ಇರಲಿ ಎಂದು ಮಿಸ್ ಕೇಳಿದ್ದಕ್ಕೆ, ಅದೂ ವಾದ್ಯವೇ ಎಂದಿದ್ದರು. ಮೊದಲು ಗುನುಗಿ ಕೊಡುವುದೂ ಕೂಡದು. ಹಾಡು ತಾನಾಗಿ ಹೊಮ್ಮಬೇಕು. ಆಗ ಮಿಸ್ ಶ್ರುತಿಯನ್ನು ಅಕ್ಕನ ಮಗಳ ಗಂಟಲಲ್ಲಿ ಬಚ್ಚಿಟ್ಟಳು. ಕುಕ್ಕರ್ ಕೂಗಿದರೆ ಅದು ಯಾವ ಸ್ವರ ಎಂದು ಹೇಳುವ ಹುಡುಗಿ ಅದು. ಪ್ರತಿ ಹಾಡಿನ ಪರಿಚಯವನ್ನೂ ‘ಕೇಳಿ’ ಎಂದು ಮುಗಿಸುವುದು, ಆ ‘ಕೇಳಿ’ಯನ್ನು ಹಾಡು ಶುರುವಾಗಬೇಕಾದ ಸ್ವರದಲ್ಲೇ ಸ್ವಲ್ಪ ಎಳೆಯುವುದು, ಮೂರು ಸಾಲು ಮಕ್ಕಳು ಅದನ್ನು ಹಿಡಿದುಕೊಂಡು ಹೊರಡುವುದು. ಸಭಿಕರು ಇದನ್ನು ಮಾತಿನ ಶೈಲಿ ಎಂದುಕೊಂಡಿದ್ದರು.

ಚಪ್ಪಾಳೆಯ ನಡುವೆ, ಮೈಕ್ ಸರಿಪಡಿಸುವ ನೆಪದಲ್ಲಿ ಮಿಸ್ ಬಂದಳು.

“ಏನೇ ಅದು, ಮೇಲಕ್ಕೆ ಹೋಯ್ತು?”

“ಹೆದರಿಕೆ, ಚಿಕ್ಕಮ್ಮ.”

“ಇಲ್ಲಿ ಮಿಸ್ ಅನ್ನು.”

“ಹೆದರಿಕೆ, ಮಿಸ್. ಹೆಡ್‌ಮಾಸ್ಟರ್ ಮುಂದೇನೇ ಕೂತು ನನ್ನನ್ನೇ ನೋಡ್ತಿದಾರೆ.”

“ಹೆದರ್ಕೋ, ಬೇಡ ಅನ್ನಲ್ಲ. ಕಾಲಲ್ಲಿ ಹೆದರ್ಕೋ. ಗಂಟಲಿಗೆ ತರಬೇಡ. ಕೊನೇ ಹಾಡು ಇಷ್ಟೇ ಇಷ್ಟು ಏರಿದ್ರೂ ಚರಣದ ಆ ಎತ್ತರದ ಸಾಲಲ್ಲಿ ಎಲ್ಲಾ ಕಿರುಚ್ತಾರೆ. ಆಮೇಲೆ ನಾನು ಮನೇಲಿ ಕೂತು ನಿಮ್ಮಮ್ಮನ ಕೈಲಿ ಬೈಸ್ಕೊಂಡು ಇರ್ಬೇಕಾಗತ್ತೆ.”

ಇದು ಬರೀ ತಮಾಷೆಯಲ್ಲ ಎಂದು ಹುಡುಗಿಗೆ ಗೊತ್ತಿತ್ತು. ಮಿಸ್‌ನದು ವರ್ಷ ವರ್ಷವೂ ಮುಂದುವರಿಸಬೇಕಾದ ಕೆಲಸ. ಮುಂದಿನ ವರ್ಷದ ಮಾತೆತ್ತಿದಾಗ ಹೆಡ್‌ಮಾಸ್ಟರ್, “ಈ ಕಾರ್ಯಕ್ರಮ ಮುಗೀಲಿ, ನೋಡೋಣ” ಎಂದಿದ್ದರು. ಹಿಂದೊಮ್ಮೆ ಅವರಿಂದ ಹಾಗೆಯೇ ‘ನೋಡೋಣ’ ಎನ್ನಿಸಿಕೊಂಡ ಡ್ರಾಯಿಂಗ್ ಮಾಸ್ಟರನ್ನು ಆಮೇಲೆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಹುಡುಗಿ ಕೊನೆಯ ಹಾಡಿನ ಸ್ವರವನ್ನು ಮನಸ್ಸಿನಲ್ಲೇ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಪಕ್ಕದ ಮೆಟ್ಟಿಲು ಕಿರುಗುಟ್ಟಿತು. ಹೆಡ್‌ಮಾಸ್ಟರ್ ಹತ್ತಿ ಬಂದರು. ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಗೆ ತೆಗೆದುಕೊಂಡರು.

“ನೀನು ಹಿಂದೆ ನಿಲ್ಲಮ್ಮ. ಕೊನೇದನ್ನ ನಾನೇ ಪರಿಚಯ ಮಾಡ್ತೀನಿ.”

“ಸಾರ್, ಅದು... ನಾನೇ ಹೇಳ್ಬೇಕು ಸಾರ್.”

“ಯಾಕೆ, ನಂಗೆ ಬರಲ್ವಾ?” ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ಅವರು ನಕ್ಕಾಗ ನಗುವುದು ಅಲ್ಲಿನವರಿಗೆ ರೂಢಿಯಾಗಿತ್ತು.

ಶಿಸ್ತಿನ ಬಗ್ಗೆ ಮಾತಾಡಿದರು. ಹೊಸ ಕಾಂಪೌಂಡಿನ ಬಗ್ಗೆ ಮಾತಾಡಿದರು. ಗೇಟಿಗೆ ಅಡ್ಡ ನಿಲ್ಲಿಸಿದ ವಾಹನಗಳ ಬಗ್ಗೆ ತುಸು ಹೆಚ್ಚೇ ಮಾತಾಡಿದರು. ಈ ಮಕ್ಕಳಿಗೆ ವಾದ್ಯದ ಊರುಗೋಲು ಬೇಕಿಲ್ಲ, ಶ್ರುತಿ ಇವರ ರಕ್ತದಲ್ಲೇ ಇದೆ ಎಂದರು. ಹುಡುಗಿ ಅಷ್ಟು ಹೊತ್ತೂ, ಕಂಠಮಟ್ಟ ತುಂಬಿದ ಲೋಟ ಹಿಡಿದು ನಡೆಯುವವಳಂತೆ, ತಲೆಯೊಳಗಿನ ಸ್ವರ ತುಳುಕದ ಹಾಗೆ ಅಲುಗಾಡದೆ ನಿಂತಿದ್ದಳು. ಸಂಜೆಯೆಲ್ಲ ಕೇಳಿ ಮೆಚ್ಚಿಕೊಂಡಿದ್ದರೋ ಏನೋ, ಹೆಡ್‌ಮಾಸ್ಟರೂ ಅವಳ ಹಾಗೆಯೇ ಎಳೆದು ಮುಗಿಸಿದರು:

“ಕೇ...ಳಿ.”

ವರ್ಷಗಟ್ಟಲೆ ಬೆಳಗಿನ ಪ್ರಾರ್ಥನೆಯ ಸಾಲುಗಳ ಮುಂದೆ ಕೂಗಿ ಕೂಗಿ ಸವೆದ ಗಂಟಲು. ಲಾರಿಯಿಂದ ಜಲ್ಲಿ ಸುರಿದಂಥ ಸ್ವರ. ಆದರೆ ಮಕ್ಕಳು ಕಲಿಸಿದ್ದನ್ನು ಮರೆಯುವವರಲ್ಲ. ‘ಕೇಳಿ’ ಬಂದದ್ದೇ ಮೂರು ಸಾಲೂ ಎದೆ ತುಂಬ ಉಸಿರೆಳೆದುಕೊಂಡವು. ಮುಂದಿನ ಸಾಲಿನ ಚಿಕ್ಕವರು ಅಷ್ಟು ಕೆಳಗಿನ ಸ್ವರವನ್ನು ಹುಡುಕಿಕೊಂಡು ಗದ್ದವನ್ನು ಎದೆಗೆ ಒತ್ತಿಕೊಂಡರು. ಮಿಸ್‌ನ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಅದು ಇಳಿದರೆ ಹಾಡು ಶುರು. ಹೆಡ್‌ಮಾಸ್ಟರ್ ಮೈಕ್ ಹಿಡಿದುಕೊಂಡು, ಅವಳು ಗುನುಗುತ್ತಾಳೋ ಏನೋ ಎಂದು ಅವಳ ಬಾಯನ್ನೇ ನೋಡುತ್ತ ಅಲ್ಲೇ ನಿಂತಿದ್ದರು.

ಏನಾದರೂ ಹೇಳಬೇಕಿತ್ತು. ಯಾವ ಮಾತಾದರೂ ಸರಿ, ಸ್ವರ ಸರಿಯಿದ್ದರೆ ಸಾಕು. ಆದರೆ ಹೆಡ್‌ಮಾಸ್ಟರ್ ಮಾತು ಮುಗಿಸಿದ ಮೇಲೆ ಆ ಶಾಲೆಯಲ್ಲಿ ಇನ್ನೊಬ್ಬರು ಬಾಯಿ ತೆರೆದದ್ದಿಲ್ಲ. ಬಾಯಿಪಾಠ ಮಾಡಿದ್ದ ಪರಿಚಯದ ಒಂದು ಪದವೂ ನೆನಪಿಗೆ ಬರಲಿಲ್ಲ. ಮೊಣಕಾಲು ಎರಡೂ ಸ್ವಾಧೀನ ತಪ್ಪಿದ್ದವು. ಹುಡುಗಿ ಅವರ ಕೈಯಲ್ಲಿದ್ದ ಮೈಕಿಗೇ ಕತ್ತು ಚಾಚಿದಳು.

“ಸಾರ್,” ಎಂದಳು. “ಕೂತ್ಕೊ...ಳ್ಳಿ.”

ಸ್ವರ ಅಚ್ಚುಕಟ್ಟಾಗಿತ್ತು. ಮಿಸ್‌ನ ಕೈ ಇಳಿಯಿತು. ಮೂರು ಸಾಲೂ ಒಂದೇ ಬಾಯಾಗಿ ಹಾಡಿಗೆ ಇಳಿದವು.

ಹೆಡ್‌ಮಾಸ್ಟರ್ ಕೂತರು. ಅಲ್ಲಿ ಕುರ್ಚಿ ಇರಲಿಲ್ಲ. ಚಿಕ್ಕವರು ನಿಂತಿದ್ದ ಮರದ ಹಲಗೆಯ ಮೇಲೆಯೇ ಕೂತರು. ಚಿಕ್ಕವರು ಹಾಡುತ್ತಲೇ ಸರಿದು ಜಾಗ ಕೊಟ್ಟರು. ಹಾಡಿನ ಎತ್ತರದ ಸಾಲು ಬಂತು, ಹೋಯಿತು, ಯಾರೂ ಕಿರುಚಲಿಲ್ಲ. ಮಕ್ಕಳ ಮಧ್ಯೆ ಮೈಕ್ ಹಿಡಿದು ಕೂತವರನ್ನು ಕಂಡು, “ಎಷ್ಟು ಸರಳ ಮನುಷ್ಯ ನೋಡಿ” ಎಂದು ಸಭೆಯಲ್ಲಿ ಯಾರೋ ಪಿಸುಗುಟ್ಟಿದರು. ಹುಡುಗಿ ಹಾಡಿನ ಚರಣಗಳನ್ನು ಎಣಿಸುತ್ತ ನಿಂತಿದ್ದಳು. ಇನ್ನು ಒಂದೇ ಉಳಿದಿತ್ತು. ಅದು ಮುಗಿದರೆ ಹೆಡ್‌ಮಾಸ್ಟರ್ ಏಳುತ್ತಾರೆ.