ಹುಬ್ಬಳ್ಳಿಯ ಎಡಗೈ

ಮೂರನೆಯ ಮುಷ್ಟಿ ಕಂಡ ಮೇಲೆ ಚಿಕ್ಕಲಿಂಗಯ್ಯನಿಗೆ ಸಂಶಯ ಉಳಿಯಲಿಲ್ಲ. ಈ ಊರಿನಲ್ಲಿ ಒಳಗೊಳಗೇ ಏನೋ ನಡೆಯುತ್ತಿತ್ತು.

ಮೊದಲನೆಯದು ಹತ್ತಿ ಪೇಟೆಯ ಹಮಾಲ ಗುಡ್ಡಪ್ಪನದು. ಕ್ಯಾಮೆರಾ ಕಣ್ಣಿಗೆ ಏರಿದ್ದೇ ತಡ, ಅವನು ನೆಟ್ಟಗೆ ನಿಂತು, ಎಡಗೈಯನ್ನು ಎದೆಗೆ ಅಡ್ಡ ಹಿಡಿದು ಮುಷ್ಟಿ ಬಿಗಿದ. ಮುಖದಲ್ಲಿ ನಗುವಿಲ್ಲ. ಎರಡನೆಯದು ಸ್ಟೇಷನ್ ಎದುರಿನ ಟಾಂಗಾದವನದು. ಅದೇ ಎಡಗೈ, ಅದೇ ಬಿಗುಮಾನ. ಈಗ ಕಾಯಿಪಲ್ಲೆ ಮಾರುವ ಬೀರವ್ವ! ಬದನೆಕಾಯಿ ಬುಟ್ಟಿಯ ಹಿಂದಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ಆಕೆಯೂ ಎಡಗೈ ಎತ್ತಿದಳು. ರಸ್ತೆಯ ಆಚೆ ಬದಿಯಿಂದ ಚಿಕ್ಕಲಿಂಗಯ್ಯ ಗುಂಡಿ ಒತ್ತಿದ. ಸಂತೋಷಕ್ಕೆ ನಿಂತಲ್ಲೇ ಹಿಗ್ಗಿದ.

ಹಿಗ್ಗದೆ ಏನು? ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಆರು ವರ್ಷದಿಂದ ಕರಡು ತಿದ್ದಿ ತಿದ್ದಿ ಕಣ್ಣು ಕೆಂಪಾಗಿದ್ದ ಮನುಷ್ಯ ಅವನು. ಅರವತ್ತೆರಡರ ಚುನಾವಣೆ ಬಂದಾಗ ಛಾಯಾಗ್ರಾಹಕನಾಗುವ ಆಸೆಯಿಂದ ಕಾಡಿ ಬೇಡಿ, ಕ್ಯಾಮೆರಾ ಹಿಡಿದು ಹುಬ್ಬಳ್ಳಿಗೆ ಹೊರಟಿದ್ದ. "ಭಾಷಣ ಬಿಗಿಯೋರ ಚಿತ್ರ ತಂದ್ರೆ ಹರಿದು ಹಾಕ್ತೀನಿ. ಜನದ ಮನಸ್ಸಲ್ಲಿ ಏನಿದೆ ಅನ್ನೋದನ್ನ ಬೀದಿಯಲ್ಲಿ ಹಿಡ್ಕೊಂಡು ಬಾ. ಆಗಲಿಲ್ವಾ, ಸಾಯೋವರೆಗೂ ಕರಡು ತಿದ್ದು" ಎಂದಿದ್ದರು ಸಂಪಾದಕರು.

ಗುರುತಿಲ್ಲದ ಊರು. ದಾರಿ ತೋರಿಸಲು ಸಿಕ್ಕವನು ದುರ್ಗದಬೈಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಖಾದರಬಾಷಾ. ಮದುವೆಗಳಿಲ್ಲದ ದಿನಗಳು, ಸ್ಟುಡಿಯೋಕ್ಕೆ ಬೀಗ ಜಡಿದು ಜೊತೆಗೆ ಹೊರಟೇಬಿಟ್ಟ.

"ನೀವು ರಸ್ತೆ ಆ ಕಡೆ ನಿಲ್ರಿ, ಸಾಹೇಬ್ರ. ಮೊದಲ ನಾ ಹೋಗಿ ಮಾತಾಡತೇನಿ. ಹೊಸಬರನ್ನ ಕಂಡ್ರ ಮಂದಿ ಅಂಜತಾರ."

ಹೋಗುತ್ತಿದ್ದ. ಕಿವಿಯಲ್ಲಿ ಏನೋ ಹೇಳುತ್ತಿದ್ದ. ಕ್ಯಾಮೆರಾಕ್ಕೆ ಬೆನ್ನು ಮಾಡಿ ಒಂದು ಗಳಿಗೆ ನಿಂತು ಸರಿದುಕೊಳ್ಳುತ್ತಿದ್ದ. ಮುಷ್ಟಿ ಏಳುತ್ತಿತ್ತು! ಫೋಟೋ ಮುಗಿದ ಮೇಲೆ ಮತ್ತೆ ಹೋಗಿ, ಎರಡೂ ಕೈಯಿಂದ ಅವರ ಕೈ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತು, ತನ್ನ ಕೈಯನ್ನು ಜೇಬಿಗೆ ಇಳಿಸುತ್ತಿದ್ದ. ಬೀರವ್ವನ ಕೈ ಮಾತ್ರ ಹಿಡಿಯಲಿಲ್ಲ. ಆಕೆಯೇ ಅವನ ಅಂಗೈಯಲ್ಲಿ ಏನೋ ಇಟ್ಟಳು. ಚೀಟಿಯೇ ಇರಬೇಕೆಂದು ಚಿಕ್ಕಲಿಂಗಯ್ಯ ಉಸಿರು ಬಿಗಿಹಿಡಿದ.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಮೆಲ್ಲಗೆ ಕೆದಕಿದ. "ಖಾದರ್ ಸಾಹೇಬ್ರೆ, ಇವರೆಲ್ಲ ನಿಮಗೆ ಗೊತ್ತಿರೋರಾ?"

"ಗೊತ್ತಿಲ್ದ ಏನ್ರಿ? ಊರಾಗಿನ ಅರ್ಧ ಮಂದಿ ನನ್ನ ಕೈಯಾಗ ಹಾದು ಹೋದವರ."

"ಹಾಗೆ ಕೈ ಎತ್ತೋದನ್ನ ನೀವೇ ಹೇಳಿಕೊಟ್ಟದ್ದಾ?"

"ಹೇಳಿಕೊಡೂದ್ಯಾಕ್ರಿ? ಹಂಗ ನಿಲ್ಲಬೇಕಂತ ಎಲ್ಲಾರಿಗೂ ಗೊತ್ತೈತಿ. ಬಡವ ಆದ್ರ ಮರ್ಯಾದಿ ಬ್ಯಾಡೇನು?"

ಚಿಕ್ಕಲಿಂಗಯ್ಯನ ಮೈ ಜುಮ್ಮೆಂದಿತು. ಬಡವನ ಮರ್ಯಾದೆ! ಆ ಮಾತನ್ನು ಅಲ್ಲೇ ಡೈರಿಯಲ್ಲಿ ಬರೆದುಕೊಂಡ.

ಮರುದಿನ ಬಸ್ಸು ಹಿಡಿದು ಧಾರವಾಡಕ್ಕೆ ಹೋದರು. ಅಲ್ಲಿ ಇನ್ನೂ ದೊಡ್ಡ ಸೋಜಿಗ ಕಾದಿತ್ತು. ಶಾಲೆಯ ಬಾಗಿಲಲ್ಲಿ ನಿಂತಿದ್ದ ಗೋವಿಂದಪ್ಪ ಮಾಸ್ತರರ ಬಳಿಗೆ ಖಾದರಬಾಷಾ ಹೋದ, ಒಮ್ಮೆ ಅವರ ಕೈಯ ಕಡೆ ನೋಡಿದ, ನಗುತ್ತ ಹಾಗೇ ಹಿಂದಿರುಗಿದ. "ಇವರಿಗೆ ನಾ ಬೇಕಾಗಿಲ್ರಿ. ಹೊಡೀರಿ ಫೋಟೋ." ಮಾಸ್ತರರ ಎಡಗೈ ತಾನಾಗಿಯೇ ಎದೆಯ ಮೇಲೆ ಬಂದಿತು. ಕಿವಿಮಾತೂ ಇಲ್ಲ, ಕೈಹಿಡಿತವೂ ಇಲ್ಲ! ಚಳವಳಿ ಓದುಬರಹದವರಿಗೂ ಹಬ್ಬಿದೆ ಎಂದು ಚಿಕ್ಕಲಿಂಗಯ್ಯ ಅಲ್ಲೇ ಕುಣಿಯುವುದೊಂದು ಬಾಕಿ.

ಹನ್ನೊಂದು ಮಂದಿ, ಹನ್ನೊಂದು ಎಡಗೈ. ಫಿಲ್ಮ್ ತೊಳೆದು ನೋಡುವ ತಾಳ್ಮೆ ಯಾರಿಗಿದೆ? ಸುರುಳಿಗಳನ್ನು ಹಾಗೇ ಸಂಜೆಯ ರೈಲಿಗೆ ಹಾಕಿ, ಜೊತೆಗೆ ನಾಲ್ಕು ಪುಟದ ಲೇಖನವನ್ನೂ ಕಳಿಸಿದ.

ಎರಡು ದಿನಕ್ಕೆ ಪತ್ರಿಕೆ ಬಂತು. ಮುಖಪುಟದ ತುಂಬ ಮುಷ್ಟಿಗಳು. ಅಚ್ಚಿನ ಮಸಿ ಎಂದಿನಂತೆ ಹರಡಿತ್ತು. ಆದರೂ ಒಂದೊಂದು ಮುಷ್ಟಿಯ ಕೆಳಗೂ ಕಪ್ಪು ಪಟ್ಟಿಯೊಂದು ಎದ್ದು ಕಾಣುತ್ತಿತ್ತು. "ಕೈಗೆ ಕಪ್ಪು ಪಟ್ಟಿ ಕಟ್ಟಿದ ಹುಬ್ಬಳ್ಳಿ!" ಎಂದು ಸಂಪಾದಕರೇ ತಲೆಬರಹ ಕೊಟ್ಟಿದ್ದರು. ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಚಿಕ್ಕಲಿಂಗಯ್ಯ ಹಣೆ ಚಚ್ಚಿಕೊಂಡ.

ಊರು ಗಿರ್ರನೆ ತಿರುಗಿತು. ಬೆಳಿಗ್ಗೆ ಒಬ್ಬ ಅಭ್ಯರ್ಥಿ ಕಪ್ಪು ಪಟ್ಟಿ ಕಟ್ಟಿಕೊಂಡು, ಎಡಗೈ ಎದೆಗೆ ಹಿಡಿದು ಮೆರವಣಿಗೆ ಹೊರಟ. ಮಧ್ಯಾಹ್ನದ ಹೊತ್ತಿಗೆ ಅವನ ಎದುರಾಳಿಯೂ ಕಟ್ಟಿಕೊಂಡ. ಇಬ್ಬರೂ "ಜನ ನನ್ನ ಕಡೆ" ಎಂದು ಗಂಟಲು ಹರಿದುಕೊಂಡರು. ಸಂಜೆಗೆ ಪೇಟೆಯಲ್ಲಿ ಕಪ್ಪು ಬಟ್ಟೆ ಸಿಗಲಿಲ್ಲ.

ಆಗ ಬಂತು ತಂತಿ: "ಛಾಯಾಗ್ರಾಹಕನ ಹುದ್ದೆ ನಿನ್ನದು. ಚಳವಳಿಯ ನಾಯಕನ ಚಿತ್ರ ಕಳಿಸಿದ ಕೂಡಲೇ ಆದೇಶ."

ಚಿಕ್ಕಲಿಂಗಯ್ಯ ಓಡಿದ. ಚಪ್ಪಲಿಯ ಉಂಗುಟ ಕಿತ್ತರೂ ನಿಲ್ಲಲಿಲ್ಲ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಏದುಸಿರು ಬಿಡುತ್ತ ನಿಂತ.

"ಖಾದರ್ ಸಾಹೇಬ್ರೆ, ಇನ್ನು ಮುಚ್ಚಿಡಬೇಡಿ. ನಾಯಕರು ನೀವೇ ಅಂತ ನನಗೆ ಗೊತ್ತು. ನನ್ನನ್ನೂ ಸೇರಿಸ್ಕೊಳ್ಳಿ!" ಎಂದವನೇ ತನ್ನ ಎಡಗೈಯನ್ನು ಎದೆಗೆ ಅಡ್ಡ ಹಿಡಿದು ಮುಷ್ಟಿ ಬಿಗಿದ.

ಖಾದರಬಾಷಾನ ಮುಖ ಅರಳಿತು. "ನೀವೂ ಫೋಟೋ ತಗಸ್ಕೊತೀರೇನ್ರಿ? ಮೊದಲ ಹೇಳಬಾರದಾ? ಬರೇ ಕೈ ಹಿಡಿದ್ರ ಏನ್ ಛಂದ?" ಎನ್ನುತ್ತ ಜೇಬಿನಿಂದ ಕಪ್ಪು ಪಟ್ಟಿಯ ಕೈಗಡಿಯಾರ ತೆಗೆದು ಅವನ ಮಣಿಕಟ್ಟಿಗೆ ಬಿಗಿದ. "ಆ ಮಾಸ್ತರರದು ಸ್ವಂತದ್ದು. ಉಳದ ಹತ್ತೂ ಮಂದಿಗೆ ಇದನ್ನ ಕಟ್ಟಿ ಬಿಚ್ಚೀನ್ರಿ. ಪಾಪ, ಹಮಾಲಗ, ಕಾಯಿಪಲ್ಲೆದಾಕಿಗೆ ವಾಚು ಎಲ್ಲಿಂದ ಬರಬೇಕು?"

ಚಿಕ್ಕಲಿಂಗಯ್ಯ ಕೈ ಕೆಳಗಿಳಿಸಹೋದ. ಖಾದರಬಾಷಾ ಅವನ ಮುಷ್ಟಿಯನ್ನು ತುಸು ಮೇಲಕ್ಕೆತ್ತಿ, ಗಡಿಯಾರ ಕ್ಯಾಮೆರಾಕ್ಕೆ ಕಾಣುವಂತೆ ಹೊರಳಿಸಿ, ಸಮಾಧಾನದಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಈ ವಾಚು ನಡಿಯೂದಿಲ್ರಿ," ಎಂದ, "ಆದ್ರ ಫೋಟೋದಾಗ ಯಾರಿಗೆ ಗೊತ್ತಾಗತೈತಿ?"