ಮೂರನೇ ಸಾಲಿನ ತಿರುವು

"ನಮ್ಮ ಭಾವ ಇಲ್ಲದೆ ಇಲ್ಲಿ ಹಾಡೇ ಶುರುವಾಗಲ್ಲವಂತೆ, ನಿಜಾನಾ?" ಎಂದು ಮೊದಲ ಸಲ ಜೊತೆಗೆ ಬಂದಿದ್ದ ಭಾವಮೈದ ತುಂಬಿದ ಸಭೆಯಲ್ಲಿ ಕೇಳಿಯೇಬಿಟ್ಟ. ಆ ಭಾವನಿಗೆ, ಅಂದರೆ ಗಡಿಯಾರ ರಿಪೇರಿಯವನಿಗೆ, ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಿಂಗಳಿಗೊಂದು ಭಾನುವಾರ ಈ ಶಾಲೆಯ ದೊಡ್ಡ ಕೋಣೆಯಲ್ಲಿ ಹಳೇ ಕಾಲದ ಜನಪದ ಮಟ್ಟುಗಳನ್ನು ನುಡಿಸುವವರು ಸೇರುತ್ತಾರೆ. ಹನ್ನೊಂದು ವರ್ಷದಿಂದ ಅವನೂ ಬರುತ್ತಿದ್ದ. ಮನೆಯಲ್ಲಿ ಅವನ ಬಾಯಿಂದ ಕೇಳಿದರೆ ಅಷ್ಟೂ ಸಂಗೀತ ನಿಂತಿರುವುದು ಅವನ ಪಿಟೀಲಿನ ಮೇಲೆಯೇ. ಇಲ್ಲಿ ಬಂದು ನೋಡಿದರೆ ಅವನ ಕುರ್ಚಿ ಹೊರಸುತ್ತಿನಲ್ಲಿ, ಡೋಲಿನವನ ಬೆನ್ನ ಹಿಂದೆ, ತಾನು ನುಡಿಸಿದ್ದು ತನಗೇ ಕೇಳಿಸದ ಜಾಗದಲ್ಲಿ. ಆ ಜಾಗವನ್ನು ಹುಡುಕಿಕೊಂಡಿದ್ದೂ ಅವನೇ.

ಒಳಸುತ್ತಿನಲ್ಲಿ ಎಲ್ಲರಿಗಿಂತ ಹಿರಿಯಳಾದ ನಿವೃತ್ತ ನರ್ಸಮ್ಮನನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುವುದು. ಅವಳು ಕನ್ನಡಕದ ಮೇಲಿಂದ ಭಾವಮೈದನನ್ನು ನೋಡಿದಳು. "ನಿಜಾನೇ ಕಣಪ್ಪ. ಅವನು ತಂತಿ ಶ್ರುತಿ ಮಾಡಿ ಮುಗಿಸೋವರೆಗೂ ನಾವು ಶುರು ಮಾಡೋಕಾಗಲ್ಲ."

ಎಲ್ಲರೂ ನಕ್ಕರು, ಭಾವಮೈದ ನಗಲಿಲ್ಲ. ಬಿಸ್ಕತ್ತು ಕಾರ್ಖಾನೆಯಲ್ಲಿ ಮುರಿದದ್ದನ್ನು ಹೆಕ್ಕಿ ತೆಗೆಯುವುದು ಅವನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ, ಮದುವೆಮನೆಗೆ ಹೋದರೂ ಒಂದು ಕೊಂಕು ಹುಡುಕದೆ ವಾಪಸ್ ಬರುವ ಜಾತಿಯಲ್ಲ ಅವನದು. ಇವತ್ತು ಕಂಡದ್ದನ್ನು ಸಂಜೆಯೊಳಗೆ ಅಕ್ಕನ ಮುಂದೆ ಉಪ್ಪು ಖಾರ ಹಚ್ಚಿ ಹೇಳುತ್ತಾನೆ. ಆಮೇಲೆ ಆ ಮನೆಯಲ್ಲಿ ಗಡಿಯಾರದವನ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ.

"ಅಷ್ಟು ಹೇಳ್ಕೊಂಡಿದ್ದಾನೆ ಅಂದ್ಮೇಲೆ ಇವತ್ತು ಮೊದಲ ಮಟ್ಟು ಎತ್ತೋದು ಅವನೇ," ಅಂದ ದೊಡ್ಡಕ್ಕ ಪಕ್ಕದ ಕುರ್ಚಿ ತಟ್ಟಿದಳು. "ಬಾರೋ ಒಳಕ್ಕೆ."

"ಬೆರಳು ಯಾಕೋ ಸ್ವಲ್ಪ ಹಿಡ್ಕೊಂಡಿದೆ ದೊಡ್ಡಕ್ಕ..."

"ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ ಭಾವ," ಅಂದ ಭಾವಮೈದ.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹೋಗಿ ಕೂತು, ಗೊತ್ತಿದ್ದುದರಲ್ಲಿ ಗಟ್ಟಿಯಾಗಿ ಗೊತ್ತಿದ್ದ ನೀರು ಸೇದುವ ಮಟ್ಟನ್ನೇ ಎತ್ತಿದ. ಊರಿನ ಗಡಿಯಾರಗಳಿಗೆಲ್ಲ ಬುದ್ಧಿ ಹೇಳಿ ದಾರಿಗೆ ತರುವ ಮಹಾನುಭಾವ, ತಾನೇ ಅರ್ಧ ತಾಳ ಮುಂಚೆ ಶುರು ಮಾಡಿಬಿಟ್ಟ. ಮೊದಲೆರಡು ಸಾಲು ಹೇಗೋ ದಾಟಿತು. ಮೂರನೇ ಸಾಲಿನಲ್ಲಿ ಸ್ವರ ಮೇಲೇರಬೇಕು, ಬಾವಿಯಿಂದ ಕೊಡ ಬಂದ ಹಾಗೆ. ಅವನ ಬೆರಳು ಜಾರಿ ಸ್ವರ ಕೆಳಗಿಳಿಯಿತು, ತುಂಬಿದ ಕೊಡ ಸೀದಾ ಬಾವಿಗೇ ವಾಪಸ್. ಮಾನ ಹೋಯಿತು ಅಂದುಕೊಂಡು ನಾಲ್ಕನೇ ಸಾಲನ್ನು ಕಣ್ಣು ಮುಚ್ಚಿಕೊಂಡು ಮುಗಿಸಿದ.

ಆ ಸಭೆಗೆ ಪುಸ್ತಕವಿಲ್ಲ, ಬರೆದಿಟ್ಟ ಸ್ವರವಿಲ್ಲ. ಎತ್ತಿದವರು ಒಂದು ಸಲ ಒಬ್ಬರೇ ನುಡಿಸುತ್ತಾರೆ, ಉಳಿದವರು ಅದನ್ನು ಕಿವಿಯಲ್ಲಿ ಹಿಡಿದುಕೊಂಡು ಹಾಗೇ ನುಡಿಸುತ್ತಾರೆ. ಎತ್ತಿದವರ ದಾರಿಯೇ ದಾರಿ. ಎರಡನೇ ಸುತ್ತಿಗೆ ಪಿಟೀಲು, ಕೊಳಲು, ಡೋಲು ಎಲ್ಲವೂ ಸೇರಿಕೊಂಡವು. ಮೂರನೇ ಸಾಲಿನಲ್ಲಿ ಅವನ ಬೆರಳು ಹಾಳಾದ್ದು ಮತ್ತೆ ಜಾರಿತು, ಜೊತೆಗೆ ಇಪ್ಪತ್ತೆರಡು ಜನ ಒಂದೇ ಮನಸ್ಸಿನಿಂದ ಬಾವಿಗಿಳಿದರು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಗೋಡೆಗೊರಗಿದ್ದ ಭಾವಮೈದ ತಲೆದೂಗಿದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಅದೇ ದಾರಿ ಹಿಡಿದಿದ್ದರೆ ಬಚಾವಾಗುತ್ತಿದ್ದ. ಆದರೆ ಎರಡು ನಿಮಿಷ ಹಿಂದಿರುವ ಗಡಿಯಾರ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಮುಂದಿನ ಸುತ್ತಿನಲ್ಲಿ ತಿದ್ದಿಕೊಂಡು, ಠೀವಿಯಿಂದ ಮೇಲೆ ಹೋದ. ಇಪ್ಪತ್ತೆರಡು ಜನ ಕೆಳಗೆ ಹೋದರು. ಮೇಲೆ ಅವನೊಬ್ಬನೇ ಕಿರುಗುಟ್ಟುತ್ತಾ ಉಳಿದ. ಛೆ, ಹತ್ತು ಜನರ ಜೊತೆ ಹೋಗೋಣ ಅಂತ ಅದರ ಮುಂದಿನ ಸುತ್ತಿನಲ್ಲಿ ಕೆಳಗಿಳಿದರೆ, ಅವನು ಮೇಲೆ ಹೋದದ್ದನ್ನೇ ನಂಬಿಕೊಂಡವರು ಅಷ್ಟರಲ್ಲಿ ತಿದ್ದಿಕೊಂಡಿದ್ದರು. ಇಡೀ ಸಭೆ ಮೇಲೆ, ಬಾವಿಯೊಳಗೆ ಇವನೊಬ್ಬ. ಮಟ್ಟು ಅಲ್ಲಿಗೆ ನಿಂತುಹೋಯಿತು.

"ಎಲ್ಲ ಸರಿ ಭಾವ," ಭಾವಮೈದ ಹತ್ತಿರ ಬಂದು ತನ್ನ ವರದಿ ಕೊಟ್ಟ. "ಎರಡು ಸಲ ತಪ್ಪಾಯ್ತು. ಎರಡು ಸಲಾನೂ ತಪ್ಪಿದ್ದು ನೀವೊಬ್ಬರೇ. ಬೇರೆಯವರು ಒಬ್ಬರೂ ತಪ್ಪಲಿಲ್ಲ."

ಗಡಿಯಾರದವನು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡ. ಸುಳ್ಳು ಹೇಳಿ ಸಾಕಾಗಿತ್ತು. "ಎರಡಲ್ಲ ಕಣೋ. ಮೊದಲು ತಪ್ಪಿದ್ದೂ ನಾನೇ, ಇವರೆಲ್ಲ ನನ್ನಿಂದ ತಪ್ಪಿದ್ರು. ಆ ಮಟ್ಟು ಅಲ್ಲಿ ಕೆಳಗೆ ಇಳಿಯೋದೇ ಇಲ್ಲ. ಹನ್ನೊಂದು ವರ್ಷ ಡೋಲಿನ ಹಿಂದೆ ಕೂತು ಕಾಲ ಹಾಕಿದೀನಿ, ಮನೇಲಿ ಹೇಳೋದಿದ್ರೆ ಅದನ್ನೂ ಸೇರಿಸಿ ಹೇಳು." ಹೇಳಿದ ಮೇಲೆ ನಾಚಿಕೆಯಾಯಿತು, ನಿರಾಳವೂ ಆಯಿತು. ಏಳಲು ಹೊರಟ.

ದೊಡ್ಡಕ್ಕ ಅವನ ತೋಳು ಹಿಡಿದು ಕೂರಿಸಿದಳು.

"ನೀನು ಮೊದಲು ತಪ್ಪಿದಾಗ್ಲೇ ಇಲ್ಲಿ ಎಲ್ಲರಿಗೂ ಗೊತ್ತಾಯ್ತು. ಆ ತಪ್ಪು ನಮಗೆ ಹಿಡಿಸಿತ್ತು ಕಣೋ. ಅದನ್ನ ಕೈಬಿಟ್ಟಿದ್ದು ನೀನು."