ಗ್ರೇಸಿ ಚೇಚಿಯ ಚೌಕಾಸಿ

"ತಿಂಗಳಿಗೆ ಹದಿನೆಂಟು ಸಾವಿರ. ಅದಕ್ಕಿಂತ ಕಡಿಮೆಗೆ ಆಗುವುದಿಲ್ಲ," ಎಂದರು ಮನೆಯ ಮಾಲೀಕರು. ಅಭಿರಾಮನ ಮುಖ ಸಪ್ಪಗಾಯಿತು. ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಶಂಕರಿಗೆ ಮಾತ್ರ ಒಳಗೊಳಗೇ ಸಮಾಧಾನವಾಯಿತು.

ತಿರುವನಂತಪುರದ ಕಳಕ್ಕೂಟಂನ ಐ.ಟಿ. ಪಾರ್ಕಿನ ಹಿಂದಿನ ಓಣಿಯಲ್ಲಿತ್ತು ಆ ಮನೆ. ಅಲ್ಲಿಯ ಕಂಪನಿಯೊಂದು ಅಭಿರಾಮನನ್ನು ಕೊಚ್ಚಿಯಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚಿನ ಸಂಬಳಕ್ಕೆ ಕರೆದಿತ್ತು. ವಾರವಿಡೀ ಗಂಡ ಹೆಂಡತಿ ಊಟಕ್ಕೆ ಕೂತಾಗಲೆಲ್ಲ ಎರಡೂ ಊರುಗಳನ್ನು ತೂಗಿ ನೋಡಿದ್ದರು. ಹೆಚ್ಚಾಗುವ ಸಂಬಳದಲ್ಲಿ ಒಂದು ಪಾಲು ಇನ್‌ಕಮ್ ಟ್ಯಾಕ್ಸಿಗೆ ಹೋಗುತ್ತಿತ್ತು. ಅಕ್ಕಿ, ತರಕಾರಿ, ಗ್ಯಾಸಿನ ಖರ್ಚು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಕೊಚ್ಚಿಯಲ್ಲಿ ಇಲ್ಲದ ಒಂದು ಖರ್ಚು ಇಲ್ಲಿ ಹೊಸದಾಗಿ ಬರುವುದಿತ್ತು. ನಾಲ್ಕು ವರ್ಷದ ಮಗಳು ಶ್ರಾವ್ಯಳನ್ನು ಹಗಲು ನೋಡಿಕೊಳ್ಳುವವರಿಗೆ ದುಡ್ಡು ಕೊಡಬೇಕು. "ಬಾಡಿಗೆ ಹದಿನೈದರ ಒಳಗೆ ಸಿಕ್ಕಿದ್ರೆ ಹೋಗುವ. ಮೇಲಾದ್ರೆ ಹೋಗಿ ಎಂತ ಲಾಭವೂ ಇಲ್ಲ, ಇಲ್ಲೇ ಇರುವ," ಎಂದಿದ್ದ ಅಭಿರಾಮ. ಶಂಕರಿ ಹೂಂಗುಟ್ಟಿದ್ದಳು. ಅವಳದು ಸರ್ಕಾರಿ ಕೆಲಸ, ತಿರುವನಂತಪುರಕ್ಕೆ ವರ್ಗವೂ ಸಿಗುವಂತಿತ್ತು. ಬೇಡ ಎನ್ನಲು ಅವಳಿಗೆ ಬೇರೆ ನೆಪವೇ ಇರಲಿಲ್ಲ.

ಆ ಖರ್ಚು ಕೊಚ್ಚಿಯಲ್ಲಿ ಇಲ್ಲದಿದ್ದುದು ಶಂಕರಿ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಗ್ರೇಸಿಯಿಂದಾಗಿ. ಅಲ್ಲಿಯ ತೇವರದಲ್ಲಿ ಇವರ ಮನೆಯ ಕೆಳಗಿನ ಅಂತಸ್ತಿನಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬರೇ ಇದ್ದವರು. ಹೆರಿಗೆ ಮುಗಿಸಿ ಶಂಕರಿ ಆಸ್ಪತ್ರೆಯಿಂದ ಬಂದಾಗ ಬಾಣಂತನಕ್ಕೆ ಅವಳ ತಾಯಿ ಬದುಕಿರಲಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೊದಲ ನೀರು ಎರೆದವರು ಗ್ರೇಸಿ. ಶಂಕರಿ ಮತ್ತೆ ಕೆಲಸಕ್ಕೆ ಹೊರಟ ಮೇಲೆ ಮಗು ಬೆಳೆದದ್ದೂ ಅವರ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ. ದುಡ್ಡು ಕೊಡಹೋದರೆ, "ಅಮ್ಮಚ್ಚಿ ಅಂತ ಕರೆಸಿಕೊಳ್ಳುವ ಅಜ್ಜಿ ಸಂಬಳ ತಗೊಳ್ತಾಳಾ?" ಎಂದು ಗದರಿದ್ದರು. ಇವತ್ತು ಮನೆ ನೋಡಲೂ ಜೊತೆಗೆ ರೈಲು ಹತ್ತಿದ್ದರು. "ನೀವಿಬ್ಬರೂ ಟೈಲ್ಸ್ ನೋಡಿ ಮರುಳಾಗ್ತೀರಿ. ನೀರು ನೋಡಲಿಕ್ಕೆ ಯಾರಾದರೂ ಬೇಕಲ್ಲ!"

"ಹದಿನೆಂಟಾ?" ಅಡುಗೆಮನೆಯ ಬಾಗಿಲಲ್ಲಿ ಶ್ರಾವ್ಯಳನ್ನು ಎತ್ತಿಕೊಂಡು ನಿಂತಿದ್ದ ಗ್ರೇಸಿ ಮುಂದೆ ಬಂದರು. ಮಾಲೀಕರು ನಿವೃತ್ತ ಮೇಷ್ಟರೆಂದು ಅವರಿಗೆ ಆಗಲೇ ಗೊತ್ತಾಗಿತ್ತು. "ಮಾಷೇ, ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರ್ತದೆ. ಬಚ್ಚಲಿನ ಬಾಗಿಲು ಉಬ್ಬಿ ಮುಚ್ಚುವುದೇ ಇಲ್ಲ."

"ಪಾರ್ಕಿನ ಹುಡುಗರು ಕಣ್ಣುಮುಚ್ಚಿ ಇಪ್ಪತ್ತು ಕೊಡ್ತಾರೆ."

"ಕೊಡ್ತಾರೆ. ಆರು ತಿಂಗಳಿಗೆ ಗೋಡೆ ತುಂಬ ಮೊಳೆ ಹೊಡೆದು ಬಿಟ್ಟು ಹೋಗ್ತಾರೆ. ಇವರು ನಿಂತು ಬಾಳುವ ಜನ. ಇಷ್ಟು ವರ್ಷ ಇವರ ಕೆಳಗೇ ಇದ್ದೇನೆ, ಒಂದು ಗಟ್ಟಿ ಮಾತು ಕೇಳಿಲ್ಲ."

ಗ್ರೇಸಿಯ ಮಲಯಾಳಕ್ಕೆ ಕೊಚ್ಚಿಯ ವೇಗ. ತಿರುವನಂತಪುರದ ಮಾಷ್ ಒಂದು ಮಾತು ಮುಗಿಸುವಷ್ಟರಲ್ಲಿ ಅವರು ಮೂರು ಆಡುತ್ತಿದ್ದರು. "ಚೇಚೀ, ಸಾಕು ಬಿಡಿ," ಎಂದು ಶಂಕರಿ ಅವರ ಸೆರಗು ಜಗ್ಗಿದಳು. "ನೀನು ಸುಮ್ಮನಿರು ಮೋಳೆ," ಎಂದರು ಗ್ರೇಸಿ, ಮಗಳಿಗೆ ಹೇಳುವಂತೆ, ಅವಳತ್ತ ನೋಡದೆ. ಹದಿನೆಂಟು ಹದಿನೇಳಾಯಿತು, ಹದಿನಾರಾಯಿತು. ಕೊನೆಗೆ ಮಾಷ್ ಕೈಚೆಲ್ಲಿದರು. "ಹದಿನೈದು. ಆಯ್ತಲ್ಲ?"

ಅಭಿರಾಮ ಮಗಳ ಕೆನ್ನೆ ಹಿಂಡಿದ. "ಈ ಮನೆ ಬೇಕಾ ಪುಟ್ಟಿ ನಿಂಗೆ?"

ಅವಳು ಎಂದಿನಂತೆ ಮಲಯಾಳದಲ್ಲೇ ಕೇಳಿದಳು. "ಅಮ್ಮಚ್ಚಿಯ ಕೋಣೆ ಯಾವುದು?"

ಶಂಕರಿ ಸರಸರನೆ ಅಡುಗೆಮನೆಯೊಳಗೆ ಹೋದಳು. ಮಗುವನ್ನು ಅಪ್ಪನ ಕೈಗೆ ದಾಟಿಸಿ ಗ್ರೇಸಿಯೂ ಹಿಂದೆಯೇ ಬಂದರು.

"ಯಾಕೆ ಇಳಿಸಿದಿರಿ ಚೇಚಿ? ಹದಿನೆಂಟಕ್ಕೇ ಬಿಟ್ಟಿದ್ದರೆ ನಾವು ಬರುವುದೇ ಬೇಡವಾಗಿತ್ತು." ಶಂಕರಿಗೆ ಅಳು ತಡೆಯಲಾಗಲಿಲ್ಲ.

"ಗೊತ್ತು. ಹದಿನೆಂಟು ಅಂದಾಗ ನಿನ್ನ ಮುಖ ನೋಡಿದೆ. ಅವನ ಮುಖವನ್ನೂ ನೋಡಿದೆ." ಗ್ರೇಸಿ ತಮ್ಮ ಸೆರಗಿನಿಂದಲೇ ಅವಳ ಕಣ್ಣೊರೆಸಿದರು. "ನನಗೋಸ್ಕರ ನೀವು ಅಲ್ಲೇ ಉಳಿದರೆ, ಅವನು ಕೆಲಸಕ್ಕೆ ಹೊರಟಾಗಲೆಲ್ಲ ಮುಖ ತೋರಿಸಲಾಗದೆ ನಾನು ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕಾಗ್ತದೆ. ನನ್ನಿಂದ ಅದು ಆಗುವುದಿಲ್ಲ ಮೋಳೆ."

ಶಂಕರಿ ಅವರ ಹೆಗಲಿಗೆ ಹಣೆಯಾನಿಸಿ ನಿಂತಳು. ಹೊರಗೆ ಅಭಿರಾಮ ಮುಂಗಡದ ಮಾತಾಡುತ್ತಿದ್ದ. ಗ್ರೇಸಿ ಮೂಗು ಸೀಟಿಕೊಂಡು ಹಜಾರಕ್ಕೆ ನಡೆದರು.

"ಮಾಷೇ, ಇನ್ನೊಂದು ಐನೂರು ಇಳಿಸಿ."

ಮಾಷ್ ನಕ್ಕೇಬಿಟ್ಟರು. "ಒಪ್ಪಿಯಾಯ್ತಲ್ಲಮ್ಮ! ಇದು ಯಾತರದ್ದು ಮತ್ತೆ?"

"ಇದು ನನ್ನದು."

"ನಿಮ್ಮದಾ? ನೀವೇನು ಬ್ರೋಕರಾ?"

"ಅಲ್ಲ. ತಿಂಗಳಿಗೊಮ್ಮೆಯಾದರೂ ಇವರು ಮಗುವನ್ನು ನನ್ನ ಹತ್ತಿರ ಕರಕೊಂಡು ಬರಬೇಕು. ಅದರ ರೈಲು ಚಾರ್ಜು."

ಮಾಷ್ ಮತ್ತೆ ನಗಲಿಲ್ಲ. "ಹದಿನಾಲ್ಕೂವರೆ," ಎಂದು ಮೆಲ್ಲಗೆ ಹೇಳಿ, ಗೊಂಚಲಿನಿಂದ ಬೀಗದ ಕೈಯನ್ನು ಬಿಡಿಸಿದರು. ಅಭಿರಾಮ ಕೈ ಚಾಚಿದ್ದ. ಅವರು ಅದನ್ನು ಗ್ರೇಸಿಯ ಅಂಗೈಯಲ್ಲಿಟ್ಟರು.